ದೊರೆಯೇ ಹಿಂಜರಿದ ವೆಲಾಸ್ಕೆಸ್‌ನ ನಿಧಾನ

1653ರ ಜುಲೈನಲ್ಲಿ ಸ್ಪೇನಿನ ದೊರೆ ನಾಲ್ಕನೇ ಫಿಲಿಪ್, ಸನ್ಯಾಸಿನಿಯಾಗಿದ್ದ ಒಬ್ಬ ಕೌಂಟೆಸ್‌ಗೆ ಕಾಗದ ಬರೆದ. ನನ್ನ ಭಾವಚಿತ್ರ ಕಳಿಸಲಾಗಲಿಲ್ಲ, ಒಂಬತ್ತು ವರ್ಷದಿಂದ ಒಂದನ್ನೂ ಬರೆಸಿಲ್ಲ. ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ನಿಧಾನಕ್ಕೆ ಒಡ್ಡಿಕೊಳ್ಳಲು ಮನಸ್ಸಿಲ್ಲ, ನನಗೆ ವಯಸ್ಸಾಗುತ್ತಿರುವುದನ್ನು ನೋಡಿಕೊಳ್ಳಲೂ ಇಷ್ಟವಿಲ್ಲ ಎಂಬುದು ಅದರ ಸಾರ.

ಎಣ್ಣೆಬಣ್ಣದಲ್ಲಿ ಮುಖ ಬರೆಯುವುದನ್ನೇ ಕಸುಬು ಮಾಡಿಕೊಂಡ ನನಗೆ ದೊರೆ ಕೊಟ್ಟ ಎರಡು ಕಾರಣಗಳೂ ಒಂದೇ ಎನಿಸುತ್ತವೆ. ಎದುರಿಗೆ ಕೂತವರು ಹೆದರುವುದು ಕೂರಬೇಕಾದ ಹೊತ್ತಿಗಲ್ಲ. ಅಷ್ಟು ಹೊತ್ತು ಒಬ್ಬ ತಮ್ಮ ಮುಖವನ್ನೇ ನೋಡುತ್ತಿರುತ್ತಾನಲ್ಲ, ಅದಕ್ಕೆ.

ಡಿಯೆಗೊ ವೆಲಾಸ್ಕೆಸ್ ಹುಟ್ಟಿದ್ದು ಸೆವಿಲ್ಲಾ ನಗರದಲ್ಲಿ, 1599ರಲ್ಲಿ. ಫ್ರಾನ್ಸಿಸ್ಕೊ ಪಚೆಕೊ ಎಂಬ ಕಲಾವಿದನ ಬಳಿ ಶಿಷ್ಯವೃತ್ತಿ ಮುಗಿಸಿ, 1618ರಲ್ಲಿ ಗುರುವಿನ ಮಗಳು ಹುವಾನಾಳನ್ನೇ ಮದುವೆಯಾದ. ಅದೇ ವರ್ಷ ಬರೆದ, ಮೊಟ್ಟೆ ಬೇಯಿಸುವ ಮುದುಕಿಯ ಚಿತ್ರ ಈಗ ಎಡಿನ್‌ಬರೊದಲ್ಲಿದೆ. ಮಣ್ಣಿನ ಪಾತ್ರೆ, ಹಿತ್ತಾಳೆಯ ಹೊಳಪು, ಈರುಳ್ಳಿಯ ಸಿಪ್ಪೆ ಎಲ್ಲಕ್ಕೂ ಅಲ್ಲಿ ಮುದುಕಿಯ ಮುಖಕ್ಕಿರುವಷ್ಟೇ ಗಮನ ಸಿಕ್ಕಿದೆ. ಈ ಸಮದೃಷ್ಟಿಯನ್ನೇ ಆತ ಅರಮನೆಗೂ ಒಯ್ದ.

1623ರಲ್ಲಿ ಮಂತ್ರಿ ಒಲಿವಾರೆಸ್ ಅವನನ್ನು ಮ್ಯಾಡ್ರಿಡ್‌ಗೆ ಕರೆಸಿದ. ದೊರೆಗೆ ಆಗ ಹದಿನೆಂಟು, ಚಿತ್ರಕಾರನಿಗೆ ಇಪ್ಪತ್ನಾಲ್ಕು. ಅಕ್ಟೋಬರಿನಲ್ಲಿ ಆಸ್ಥಾನ ಚಿತ್ರಕಾರನ ಹುದ್ದೆ ಸಿಕ್ಕಿತು, ತಿಂಗಳಿಗೆ 20 ಡುಕಾಟ್ ಸಂಬಳ.

ಆ ವರ್ಷವೇ ಸ್ಪೇನಿನ ಉಡುಪಿನಲ್ಲಿ ಒಂದು ಬದಲಾವಣೆ ಬಂತು. ಕಲಾ ಇತಿಹಾಸದ ಪಾಠದಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ದುಂದುವೆಚ್ಚ ತಡೆಯಲು ದೊರೆ, ಕತ್ತಿನ ಸುತ್ತ ನಿರಿಗೆ ನಿರಿಗೆಯಾಗಿ ಹರಡುತ್ತಿದ್ದ ಭಾರಿ ಕಾಲರನ್ನು ನಿಷೇಧಿಸಿದ. ಅದರ ಬದಲಿಗೆ ಬಂದದ್ದು ಗೋಲಿಯಾ: ರಟ್ಟಿನ ಮೇಲೆ ಬಟ್ಟೆ ಹೊದಿಸಿದ, ಗಲ್ಲದ ಕೆಳಗೆ ತಟ್ಟೆಯಂತೆ ಚಾಚಿಕೊಳ್ಳುವ ಸಾದಾ ಕಾಲರು. ಹಳೆಯ ಕಾಲರಿನಲ್ಲಿ ಕಣ್ಣು ಕಸೂತಿಯಲ್ಲೇ ಅಲೆದಾಡುತ್ತಿತ್ತು. ಈಗ ಕಪ್ಪು ಉಡುಪು, ಒಂದು ಬಿಳಿ ಗೆರೆ, ಅದರ ಮೇಲೆ ಮುಖ, ಅಷ್ಟೇ. ಬಿಳಿ ಕಾಲರು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸುವುದರಿಂದ ದವಡೆಯ ಅಡಿಯ ನೆರಳು ತಿಳಿಯಾಗುತ್ತದೆ. ಫಿಲಿಪ್‌ಗಿದ್ದದ್ದು ಹ್ಯಾಬ್ಸ್‌ಬರ್ಗ್ ಮನೆತನದ ಮುಂಚಾಚಿದ ದವಡೆ, ದಪ್ಪ ಕೆಳತುಟಿ. ಇವನ್ನು ಆಳವಾದ ನೆರಳಿನಲ್ಲಿ ಮುಚ್ಚಿಡಬಹುದಿತ್ತು. ವೆಲಾಸ್ಕೆಸ್ ಮುಚ್ಚಲಿಲ್ಲ, ಎತ್ತಿ ತೋರಿಸಲೂ ಇಲ್ಲ. ಇದ್ದದ್ದನ್ನು ಇದ್ದಷ್ಟೇ ಇಟ್ಟ.

ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಕಪ್ಪು ಉಡುಪಿನಲ್ಲಿ ನಿಂತ ತರುಣ ದೊರೆಯ ಆಳೆತ್ತರದ ಚಿತ್ರವಿದೆ. 1623ರಲ್ಲಿ ಬರೆದದ್ದನ್ನೇ ಸುಮಾರು 1628ರಲ್ಲಿ ಮತ್ತೆ ಕೈಗೆತ್ತಿಕೊಂಡು ತಿದ್ದಿದ. ಕಾಲುಗಳನ್ನು ಹತ್ತಿರಕ್ಕೆ ತಂದ, ಮೇಲಂಗಿಯ ಅಂಚನ್ನು ಒಳಕ್ಕೆ ಸರಿಸಿದ. ಎಕ್ಸ್‌ರೇಯಲ್ಲಿ ಹಳೆಯ ನಿಲುವು ಸ್ಪಷ್ಟವಾಗಿ ಕಾಣುತ್ತದೆ. ಕಾಲಿನ ಬಳಿ ಬರಿಗಣ್ಣಿಗೂ ಅದರ ಛಾಯೆ ಸಿಗುತ್ತದೆ. ಎಣ್ಣೆಬಣ್ಣ, ಅದರಲ್ಲೂ ಸೀಸದ ಬಿಳಿ ಬೆರೆತ ಬಣ್ಣ, ವಯಸ್ಸಾದಂತೆ ಪಾರದರ್ಶಕವಾಗುತ್ತಾ ಹೋಗುತ್ತದೆ. ಮುಚ್ಚಿದ ಗೆರೆಗಳು ಶತಮಾನಗಳ ನಂತರ ಮೇಲೇಳುವುದು ಹೀಗೆ. ವೆಲಾಸ್ಕೆಸ್‌ನಲ್ಲಿ ಇದು ಹೆಚ್ಚು, ಏಕೆಂದರೆ ಅವನು ಮೊದಲೇ ಪೂರ್ತಿ ನಕ್ಷೆ ಹಾಕಿಕೊಂಡು ಅದಕ್ಕೆ ಬಣ್ಣ ತುಂಬುವವನಲ್ಲ. ಕ್ಯಾನ್ವಾಸಿನ ಮೇಲೆಯೇ ಯೋಚಿಸುವವನು. ಬಣ್ಣವನ್ನೂ ತೀರಾ ತೆಳುವಾಗಿ ಹಚ್ಚುತ್ತಿದ್ದ. ಪಾರದರ್ಶಕತೆಗಾಗಿ ಅದಕ್ಕೆ ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸೈಟ್ ಬೆರೆಸುತ್ತಿದ್ದ.

ಹಾಗಾದರೆ ಅವನ ಕೈ ನಿಧಾನವೇ? ಖಂಡಿತ ಅಲ್ಲ. 1644ರಲ್ಲಿ ಕ್ಯಾಟಲೋನಿಯಾದ ದಂಗೆ ಹತ್ತಿಕ್ಕಲು ಹೊರಟ ದೊರೆಯ ಜೊತೆ ಆತ ಫ್ರಾಗಾ ಊರಿಗೆ ಹೋದ. ಅಲ್ಲಿ ಒಂದು ಪಾಳುಬಿದ್ದ ಕೋಣೆಯನ್ನು ತರಾತುರಿಯಲ್ಲಿ ಸ್ಟುಡಿಯೋ ಮಾಡಲಾಯಿತು. ದೊರೆ ನಿಂತದ್ದು ಮೂರೇ ಸಲ, ಚಿತ್ರ ಮುಗಿಯಿತು. ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ ಗುಲಾಬಿ ಉಡುಪಿನ ಮೇಲೆ ಬೆಳ್ಳಿಯ ಕಸೂತಿಯಿದೆ. ಹತ್ತಿರ ಹೋದರೆ ಬರೀ ಚುಕ್ಕೆ, ಬರೀ ಎಳೆತ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆಳ್ಳಿ ಮಿನುಗುತ್ತದೆ. ಎಲ್ಲಿ ಕೈ ನಿಲ್ಲಿಸಬೇಕು ಎಂದು ಬಲ್ಲವನು ಮಾತ್ರ ಹೀಗೆ ಬರೆಯಬಲ್ಲ. ಅವನ ನಿಧಾನವಿದ್ದದ್ದು ಕುಂಚದಲ್ಲಲ್ಲ, ಒಪ್ಪಿಕೊಳ್ಳುವುದರಲ್ಲಿ. ಬರೆದದ್ದನ್ನು ವರ್ಷಗಟ್ಟಲೆ ಬಿಟ್ಟು ಮತ್ತೆ ನೋಡಿ ತಿದ್ದುವುದರಲ್ಲಿ.

ಇನ್ನೊಂದು ಕಾರಣ ಅರಮನೆಯ ಚಾಕರಿ. 1652ರಲ್ಲಿ ಅವನಿಗೆ ಅರಮನೆಯ ಪಾರುಪತ್ಯವೇ ಬಂತು. ದೊರೆಯ ಬಿಡಾರದ ವ್ಯವಸ್ಥೆ, ಪೀಠೋಪಕರಣ, ಪ್ರವಾಸದ ಏರ್ಪಾಡು ಎಲ್ಲವೂ ಅವನ ಹೊಣೆ. ಇಂದು ಅವನದೆಂದು ಉಳಿದಿರುವ ಚಿತ್ರಗಳು ನೂರಿಪ್ಪತ್ತರ ಆಸುಪಾಸು ಮಾತ್ರ. ಅಷ್ಟು ದೊಡ್ಡ ಪ್ರತಿಭೆಯ ಇಷ್ಟೊಂದು ಗಂಟೆಗಳು ಕುರ್ಚಿ ಮೇಜುಗಳ ಲೆಕ್ಕಕ್ಕೆ ಹೋದುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಅವನಿಗೆ ಆ ಸ್ಥಾನಮಾನ ಬೇಕಿತ್ತು. 1659ರಲ್ಲಿ ಸ್ಯಾಂಟಿಯಾಗೊ ಎಂಬ ಕುಲೀನರ ಸಂಘದ ನೈಟ್ ಪದವಿ ಪಡೆಯುವ ಮೊದಲು, ತಾನು ದುಡ್ಡಿಗಾಗಿ ಚಿತ್ರ ಬರೆದವನಲ್ಲ ಎಂದು ಸಾಕ್ಷಿಗಳ ಮೂಲಕ ಸಾಬೀತುಪಡಿಸಬೇಕಾಯಿತು. ಅವನ ಅತಿ ಪ್ರಸಿದ್ಧ ಚಿತ್ರ ‘ಲಾಸ್ ಮೆನಿನಾಸ್’ನಲ್ಲಿ, ತನ್ನನ್ನೂ ಬರೆದುಕೊಂಡಿರುವ ಅವನ ಎದೆಯ ಮೇಲಿರುವ ಕೆಂಪು ಶಿಲುಬೆ ಆ ಪದವಿಯದು; ಚಿತ್ರ 1656ರದ್ದು, ಶಿಲುಬೆ ಆಮೇಲೆ ಸೇರಿದ್ದು. 1660ರ ಜೂನಿನಲ್ಲಿ ಫ್ರಾನ್ಸಿನ ಗಡಿಯ ಫೆಸೆಂಟ್ ದ್ವೀಪದಲ್ಲಿ, ಹದಿನಾಲ್ಕನೇ ಲೂಯಿಯನ್ನು ಮದುವೆಯಾದ ರಾಜಕುಮಾರಿಯನ್ನು ಒಪ್ಪಿಸುವ ಸಮಾರಂಭದ ಅಲಂಕಾರವೂ ಅವನದೇ ಕೆಲಸ. ಮರಳಿದ ಮೇಲೆ ಕಾಯಿಲೆ ಬಿದ್ದು ಆಗಸ್ಟ್ 6ರಂದು ತೀರಿಕೊಂಡ. ಹುವಾನಾ ಕೆಲವೇ ದಿನಗಳಲ್ಲಿ ಅವನನ್ನು ಹಿಂಬಾಲಿಸಿದಳು.

ಮತ್ತೆ ಆ ಒಂಬತ್ತು ವರ್ಷದ ಮಾತಿಗೆ ಬರುತ್ತೇನೆ. ಫ್ರಾಗಾದ ಚಿತ್ರದ ಬೆನ್ನಿಗೇ, 1644ರಲ್ಲಿ ರಾಣಿ ಇಸಾಬೆಲ್ ಸತ್ತಳು. 1646ರಲ್ಲಿ ಪಟ್ಟಕ್ಕೆ ಬರಬೇಕಿದ್ದ ಮಗ ಬಾಲ್ಟಸಾರ್ ಕಾರ್ಲೊಸ್ ಹದಿನಾರನೇ ವಯಸ್ಸಿಗೆ ಹೋದ. ಒಲಿವಾರೆಸ್ ಅದಕ್ಕೂ ಮೊದಲೇ ಪದಚ್ಯುತನಾಗಿದ್ದ. ಅಷ್ಟನ್ನೂ ಹೊತ್ತ ಮುಖವನ್ನು ಆ ಕಣ್ಣುಗಳ ಮುಂದಿಡಲು ದೊರೆ ಹಿಂಜರಿದದ್ದು ಸಹಜ. ಕಾಗದ ಬರೆದ ಸ್ವಲ್ಪ ಕಾಲಕ್ಕೇ ಅವನು ಮತ್ತೆ ಕೂತ. ಆ ಸಣ್ಣ ಚಿತ್ರವೂ ಪ್ರಾಡೊದಲ್ಲೇ ಇದೆ: ಕಪ್ಪು ಬಟ್ಟೆ, ಅದೇ ಗೋಲಿಯಾ, ಕಿರೀಟವಿಲ್ಲ, ಕೈಗಳೂ ಇಲ್ಲ. ಭಾವಚಿತ್ರ ಕಲಿಯಲು ಬರುವವರಿಗೆ ನಾನು ‘ಲಾಸ್ ಮೆನಿನಾಸ್’ಗಿಂತ ಮೊದಲು ತೋರಿಸುವುದು ಇದನ್ನು.

ತರುಣ ದೊರೆಯದೂ ಇದೂ, ಎರಡೂ ಚಿತ್ರಗಳು ಪ್ರಾಡೊದ ಜಾಲತಾಣದಲ್ಲಿ ನೋಡಸಿಗುತ್ತವೆ. ಅಕ್ಕಪಕ್ಕ ತೆರೆದಿಟ್ಟುಕೊಂಡು ತರುಣನ ಕೆನ್ನೆಯಿಂದ ಶುರುಮಾಡಿ. ಅಲ್ಲಿ ಬೆಳಕು ಒಂದೇ ಹರವಾಗಿ ಇಳಿಯುತ್ತದೆ, ನೆರಳಿನ ಗಡಿ ಗಟ್ಟಿ. ನಲವತ್ತೆಂಟರ ಆಸುಪಾಸಿನ ದೊರೆಯ ಕೆನ್ನೆಯಲ್ಲಿ ಆ ಗಡಿ ಸಿಗುವುದಿಲ್ಲ. ರೆಪ್ಪೆ ಜೋತಿದೆ, ಮಾಂಸ ಸಡಿಲಿದೆ, ಒಂದು ಬಣ್ಣ ಇನ್ನೊಂದರೊಳಗೆ ಗೊತ್ತಾಗದಂತೆ ಕರಗಿದೆ. ಕೆಳತುಟಿ ಮಾತ್ರ ಹದಿನೆಂಟರಲ್ಲಿ ಇದ್ದಂತೆಯೇ ಇದೆ.