ಫೈಲ್ ಇದೆ, ಬೀಗದ ಕೈ ಇಲ್ಲ

ಹೋದ ವರ್ಷ ನಮ್ಮಕ್ಕನ ಮದುವೆ ಕ್ಯಾಸೆಟ್ಟನ್ನು ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. 1993ರ ವಿಎಚ್‌ಎಸ್ ಕ್ಯಾಸೆಟ್. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಸ್ಟುಡಿಯೋದವರು ಒರೆಸಿ, ಒಂದು ಹಳೇ ವಿಸಿಆರ್‌ಗೆ ಹಾಕಿ, ಪೆನ್‌ಡ್ರೈವಿಗೆ ಇಳಿಸಿ ಕೊಟ್ಟರು. ಬಣ್ಣ ಬಿಟ್ಟಿದೆ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಗೆರೆ ಬರುತ್ತದೆ. ಆದರೂ ಯಾರು ಯಾರು ಅಂತ ಗುರುತು ಸಿಗುತ್ತದೆ.

ಮನೆಯಲ್ಲಿ ಇನ್ನೊಂದು ಪೆನ್‌ಡ್ರೈವ್ ಇದೆ. ಪಕ್ಕದ ಮನೆ ಹುಡುಗಿ ಟಿವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಹಾಡಿದ್ದಳು, ಅದನ್ನು ನಮ್ಮ ಡಿಟಿಎಚ್ ಬಾಕ್ಸಿಗೆ ಚುಚ್ಚಿ ರೆಕಾರ್ಡ್ ಮಾಡಿದ್ದೆವು. ಆಮೇಲೆ ಬಾಕ್ಸ್ ಕೆಟ್ಟಿತು, ಬದಲಿ ಬಾಕ್ಸ್ ಬಂತು. ಹೊಸ ಬಾಕ್ಸಿಗೆ ಅದೇ ಪೆನ್‌ಡ್ರೈವ್ ಹಾಕಿದರೆ ಅದು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಫಾರ್ಮ್ಯಾಟ್ ಮಾಡಲೇ?

ಬೂಷ್ಟು ತಿಂದ ಟೇಪ್ ಓಡುತ್ತದೆ, ಒಂದು ಬಿಟ್ಟೂ ಹಾಳಾಗದ ಫೈಲ್ ಓಡುವುದಿಲ್ಲ. ವಿಚಿತ್ರ ಅಲ್ವಾ? ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು ಅಂದರೆ ಅಮೆರಿಕದ ಒಂದು ಕತೆ ನೋಡಬೇಕು.

2002ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಮೀಡಿಯಾ ಸೆಂಟರ್ ಅಂತ ಒಂದು ಸಾಫ್ಟ್‌ವೇರ್ ತಂದಿತು. ಕಂಪ್ಯೂಟರಿಗೆ ಟಿವಿ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಸಾಧನ, ಹಾಕಿಕೊಂಡರೆ ಸಾಕು, ಸೋಫಾದಲ್ಲಿ ಕೂತು ರಿಮೋಟಿನಲ್ಲೇ ಟಿವಿ ನೋಡಬಹುದು, ಮುಂದಿನ ವಾರದ ಕಾರ್ಯಕ್ರಮವನ್ನು ಇವತ್ತೇ ಗುರುತು ಹಾಕಿ ರೆಕಾರ್ಡ್ ಮಾಡಿಸಬಹುದು. ವಿಂಡೋಸ್ 7ರ ಕಾಲಕ್ಕೆ ಇದು ನಿಜಕ್ಕೂ ಚೆನ್ನಾಗಿತ್ತು. ಅದನ್ನು ಬಳಸಿದವರು ಇವತ್ತಿಗೂ ಅದರ ಬಗ್ಗೆ ಹಳೇ ಗೆಳೆಯನ ಥರ ಮಾತಾಡುತ್ತಾರೆ. ರೆಕಾರ್ಡ್ ಆದದ್ದೆಲ್ಲ ಡಬ್ಲ್ಯೂಟಿವಿ ಅನ್ನುವ ಫೈಲಾಗಿ ಡಿಸ್ಕಿನಲ್ಲಿ ಕೂರುತ್ತಿತ್ತು.

ಅಮೆರಿಕದ ಕೇಬಲ್ ಚಾನೆಲ್‌ಗಳು ಬರುವಾಗಲೇ ಬೀಗ ಹಾಕಿಕೊಂಡು ಬರುತ್ತವೆ. ಅದನ್ನು ಬಿಚ್ಚಲು ಕೇಬಲ್ ಕಂಪನಿ ಕೇಬಲ್‌ಕಾರ್ಡ್ ಅಂತ ಒಂದು ಕಾರ್ಡ್ ಕೊಡುತ್ತಿತ್ತು, ಅದನ್ನು ಟ್ಯೂನರ್ ಒಳಗೆ ತೂರಿಸಬೇಕು. ಕಾರ್ಯಕ್ರಮದ ಜೊತೆಗೆ ಎರಡು ಬಿಟ್‌ಗಳ ಒಂದು ಚೀಟಿಯೂ ಬರುತ್ತಿತ್ತು. ಒಂದು ಬಿಟ್ ಅಂದರೆ 0 ಅಥವಾ 1, ಎರಡು ಬಿಟ್ ಸೇರಿದರೆ ನಾಲ್ಕೇ ಮಾತು ಹೇಳಬಹುದು: ಎಷ್ಟಾದರೂ ನಕಲು ಮಾಡಿಕೋ, ಒಂದು ಸಲ ಮಾತ್ರ ಮಾಡಿಕೋ, ಇನ್ನು ಮಾಡಬೇಡ, ಯಾವತ್ತೂ ಮಾಡಬೇಡ. ಇದರಲ್ಲಿ ತಮಾಷೆಯದ್ದು ಎರಡನೆಯದು. ನೀವು ರೆಕಾರ್ಡ್ ಮಾಡಿದ ಕೂಡಲೇ ಆ ಒಂದು ಸಲ ಮುಗಿದುಹೋಯಿತು, ಚೀಟಿ ತಾನಾಗಿ ಮೂರನೆಯದಕ್ಕೆ ತಿರುಗುತ್ತದೆ. ಮನೆಯಲ್ಲಿರುವುದು ಮೊದಲ ಪ್ರತಿ ಅಂತ ನೀವು ಅಂದುಕೊಂಡಿದ್ದರೆ, ಸಾಫ್ಟ್‌ವೇರಿನ ಲೆಕ್ಕದಲ್ಲಿ ಅದೇ ಕೊನೆಯ ಪ್ರತಿ.

ಹೀಗೆ ಗುರುತಾದ ಕಾರ್ಯಕ್ರಮವನ್ನು ಮೀಡಿಯಾ ಸೆಂಟರ್ ಸುಮ್ನೆ ಡಿಸ್ಕಿಗೆ ಬರೆಯುತ್ತಿರಲಿಲ್ಲ. ಇಂಥ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಚಿತ್ರ, ಧ್ವನಿ ಎಲ್ಲವನ್ನೂ ಒಂದು ಕೀಲಿಯಿಂದ ಕಲಸಿಬಿಡುತ್ತಾರೆ. ಆ ಕೀಲಿಯನ್ನು ಲೈಸೆನ್ಸ್ ಅನ್ನುವ ಪುಟ್ಟ ಡಬ್ಬಿಯಲ್ಲಿಟ್ಟು ಅದಕ್ಕೆ ಇನ್ನೊಂದು ಬೀಗ ಹಾಕುತ್ತಾರೆ. ಆ ಎರಡನೇ ಬೀಗದ ಕೈ ನಿಮ್ಮ ಕಂಪ್ಯೂಟರಿಗೇ ಕಟ್ಟಿಕೊಂಡಿರುತ್ತದೆ. ಇದೇ ಮದರ್‌ಬೋರ್ಡ್, ಇದೇ ವಿಂಡೋಸ್ ಇದ್ದರೆ ಬೀಗ ತೆರೆಯುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಫೈಲ್ ಕಾಣಿಸುತ್ತದೆ, ಹೆಸರು ಕಾಣಿಸುತ್ತದೆ, ಎಷ್ಟು ಜಿಬಿ ಅಂತಲೂ ಗೊತ್ತಾಗುತ್ತದೆ. ಓಡುವುದಿಲ್ಲ ಅಷ್ಟೇ.

ಬೀಗ ಒಡೆದರೆ ಆಯಿತಲ್ಲ ಅಂತ ಯಾರಾದರೂ ಕೇಳಬಹುದು. ಇಂಥ ಕಡೆ ಜಾಸ್ತಿ ಬಳಸುವುದು ಎಇಎಸ್ ಅನ್ನುವ ವಿಧಾನ, 128 ಬಿಟ್ ಕೀಲಿ. ಸಾಧ್ಯವಿರುವ ಕೀಲಿಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ಹಾಕಿ ನೋಡುವ ಯಂತ್ರ ನಿಮ್ಮ ಹತ್ತಿರ ಇದೆ ಅಂತಲೇ ಇಟ್ಟುಕೊಳ್ಳಿ, ಎಲ್ಲವನ್ನೂ ಹಾಕಿ ಮುಗಿಸುವ ಹೊತ್ತಿಗೆ ಈ ವಿಶ್ವದ ಈವರೆಗಿನ ವಯಸ್ಸಿನ ಸುಮಾರು 78 ಕೋಟಿ ಪಟ್ಟು ಕಾಲ ಕಳೆದಿರುತ್ತದೆ. ಯಾವುದೋ ಧಾರಾವಾಹಿಯ ಒಂದು ಕಂತಿಗೆ ಇಷ್ಟು ಕಾವಲು.

ಆಮೇಲೆ ಒಂದೊಂದೇ ಕೊಂಡಿ ಕಳಚಿತು. ವಿಂಡೋಸ್ 8ರಲ್ಲಿ ಮೀಡಿಯಾ ಸೆಂಟರ್ ಬೇಕಾದವರು ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಯಿತು. 2015ರಲ್ಲಿ ವಿಂಡೋಸ್ 10 ಬಂದಾಗ ಅದು ಇರಲೇ ಇಲ್ಲ, ಹಳೆಯದರಿಂದ ಹೊಸದಕ್ಕೆ ಏರಿದರೆ ಇದ್ದದ್ದೂ ಅಳಿಸಿಹೋಗುತ್ತಿತ್ತು. ಬಳಸುವವರು ಕಡಿಮೆ ಅನ್ನುವುದು ಕಂಪನಿ ಕೊಟ್ಟ ಕಾರಣ. 2020ರ ಜನವರಿಯಲ್ಲಿ ಕಾರ್ಯಕ್ರಮಗಳ ಪಟ್ಟಿ ಕಳಿಸುವುದೂ ನಿಂತಿತು, ಅದೇ ತಿಂಗಳು ವಿಂಡೋಸ್ 7ರ ಬೆಂಬಲವೂ ಮುಗಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಪರ್ಕ ಆಯೋಗ, ಕೇಬಲ್ ಕಂಪನಿಗಳು ಕೇಬಲ್‌ಕಾರ್ಡ್ ಕೊಡಲೇಬೇಕು ಅನ್ನುವ ನಿಯಮವನ್ನೂ ಕೈಬಿಟ್ಟಿತು.

ಬೀಗ ಇಲ್ಲದ ರೆಕಾರ್ಡಿಂಗ್‌ಗಳಿಗೆ ಇದರಿಂದ ಏನೂ ಆಗಲಿಲ್ಲ, ಗಮನಿಸಿ. ಡಬ್ಲ್ಯೂಟಿವಿ ಫೈಲಿನ ಒಳಗಿರುವುದು ಸಾಮಾನ್ಯವಾಗಿ ಎಂಪೆಗ್-2 ಚಿತ್ರ ಮತ್ತು ಡಾಲ್ಬಿ ಧ್ವನಿ, ಎರಡೂ ಎಲ್ಲರಿಗೂ ಗೊತ್ತಿರುವವು. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್ ಅದನ್ನು ಓದಿ ಎಂಪಿ4 ಮಾಡಿಕೊಡುತ್ತದೆ. ಹಾಗಾಗಿ ಒಂದೇ ಡಿಸ್ಕಿನಲ್ಲಿ, ಒಂದೇ ಫೋಲ್ಡರಿನಲ್ಲಿ, ಆಂಟೆನಾದಿಂದ ಹಿಡಿದ ವಾರ್ತೆ ಇವತ್ತೂ ಓಡುತ್ತದೆ, ಅದರ ಪಕ್ಕದಲ್ಲೇ ಇರುವ ಸಿನಿಮಾ ಓಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದು ಹೊಸ ಕಂಪ್ಯೂಟರ್ ತಂದ ಮೇಲೆ, ಹಳೆಯದನ್ನು ಗುಜರಿಗೆ ಹಾಕಿದ ಮೇಲೆ.

ಕಾನೂನಂತೂ ಇನ್ನೂ ಮಜಾ. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿ ಆಮೇಲೆ ನೋಡುವುದು ತಪ್ಪಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತ್ತು, ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಅನ್ನುವ ವಿಡಿಯೋ ರೆಕಾರ್ಡರಿನ ಕೇಸಿನಲ್ಲಿ, ಐದಕ್ಕೆ ನಾಲ್ಕು ಮತಗಳಿಂದ. 1998ರ ಇನ್ನೊಂದು ಕಾನೂನು ಬೀಗ ಒಡೆಯುವುದನ್ನೇ ತಪ್ಪು ಮಾಡಿತು. ಅಂದರೆ ಪೆಟ್ಟಿಗೆಯಲ್ಲಿರುವುದನ್ನು ನೋಡುವ ಹಕ್ಕು ನಿಮಗಿದೆ, ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಬೀಗ ಒಡೆಯುವುದರ ಬಗ್ಗೆ ಕಲಮು ಬಂತು, ಆದರೆ ಅದು ಒಡೆದವನ ಉದ್ದೇಶ ಏನು ಅಂತ ಕೇಳುತ್ತದೆ. ನನಗೆ ಇದೇ ಹೆಚ್ಚು ನ್ಯಾಯ ಅನ್ನಿಸುತ್ತದೆ.

ಜಪಾನಿನಲ್ಲೂ ಇದೇ ತಲೆನೋವು. 2004ರಲ್ಲಿ ಅಲ್ಲಿ ಡಿಜಿಟಲ್ ಟಿವಿಗೆ ಒಂದೇ ನಕಲಿನ ನಿಯಮ ಬಂತು, ಜನ ಗೊಣಗಿದ ಮೇಲೆ 2008ರಲ್ಲಿ ಅದನ್ನು ಹತ್ತಕ್ಕೆ ಏರಿಸಿದರು. ಟಿವಿಗೆ ಚುಚ್ಚಿದ ಹಾರ್ಡ್ ಡಿಸ್ಕ್ ಮಾತ್ರ ಆ ಟಿವಿಗೇ ಗಂಟು. ಟಿವಿ ಸತ್ತರೆ ರೆಕಾರ್ಡಿಂಗೂ ಸತ್ತಂತೆ.

ಹಾಗಾದರೆ ಮೀಡಿಯಾ ಸೆಂಟರಿನ ಬೀಗದ ಫೈಲ್ ಇರುವವರು ಏನು ಮಾಡುತ್ತಾರೆ? ಹಳೇ ಯಂತ್ರವನ್ನೇ ಸಾಕುತ್ತಾರೆ. ಇಂಟರ್ನೆಟ್ ತಂತಿ ಕಿತ್ತು, ವಿಂಡೋಸ್ 7ನ್ನು ಮುಟ್ಟದೆ, ಧೂಳು ಊದಿ, ಫ್ಯಾನ್ ಕೆಟ್ಟರೆ ಫ್ಯಾನ್ ಬದಲಿಸಿ. ಮದರ್‌ಬೋರ್ಡ್ ಮಾತ್ರ ಹೋಗಬಾರದು. ಇನ್ನು ಕೆಲವರು ಪರದೆಯ ಮೇಲೆ ಓಡಿಸಿ, ಹೊರಬರುವ ಸಿಗ್ನಲ್ಲನ್ನೇ ಮತ್ತೆ ಹಿಡಿಯಲು ನೋಡುತ್ತಾರೆ. ಎಚ್‌ಡಿಎಂಐ ತಂತಿಯಲ್ಲೂ ಇನ್ನೊಂದು ಬೀಗ ಇರುವುದರಿಂದ ಹಳೇ ಅನಲಾಗ್ ತಂತಿಯ ದಾರಿ ಹಿಡಿಯುತ್ತಾರೆ. ಎಂಜಿನಿಯರ್‌ಗಳು ಇದನ್ನು ಅನಲಾಗ್ ಹೋಲ್ ಅನ್ನುತ್ತಾರೆ. ಎಷ್ಟೇ ಬೀಗ ಹಾಕಿದರೂ ಕೊನೆಗೆ ಚಿತ್ರ ಕಣ್ಣಿಗೆ ಕಾಣಲೇಬೇಕಲ್ಲ, ಕಾಣುವುದನ್ನು ಕ್ಯಾಮೆರಾವೂ ಹಿಡಿಯಬಲ್ಲದು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆ ಹಿಡಿಯುತ್ತದೆ, ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ನಮ್ಮಕ್ಕನ ಮದುವೆ ಕ್ಯಾಸೆಟ್ಟಿಗೆ ಸ್ಟುಡಿಯೋದವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ನಮ್ಮ ಪೆನ್‌ಡ್ರೈವಿಗೆ ಆ ದಾರಿಯೂ ಇಲ್ಲ, ಹಳೇ ಬಾಕ್ಸ್ ವಾಪಸ್ ಹೋಗಿದೆ. ಹಾಡಿದ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಅವಳ ಅಮ್ಮ ಒಂದು ದಿನ ಬಂದು ಆ ವಿಡಿಯೋ ಕೇಳಿದರು, ನಾನು ಇಷ್ಟೆಲ್ಲ ವಿವರಿಸಿದೆ. ಪಾಪ, ಪೂರ್ತಿ ಕೇಳಿಸಿಕೊಂಡರು. ಅಷ್ಟರಲ್ಲಿ ಮಗಳು ಫೋನ್ ತೆಗೆದು ತೋರಿಸಿದಳು. ಚಾನೆಲ್‌ನವರೇ ಅದನ್ನು ಯೂಟ್ಯೂಬಿಗೆ ಹಾಕಿದ್ದಾರೆ, ಪುಕ್ಕಟೆ.