ಮಿಶ್ರ ಮೀನು ಸಾಕಣೆ ಅಂದರೆ ಏನು?

ಮೇವಿಗಾಗಿ ಒಂದರ ಮೇಲೊಂದು ಪೈಪೋಟಿಗೆ ಬೀಳದ ಮೂರ್ನಾಲ್ಕು ಜಾತಿಯ ಮೀನುಗಳನ್ನು ಒಂದೇ ಹೊಂಡದಲ್ಲಿ ಬೆಳೆಸುವುದೇ ಮಿಶ್ರ ಮೀನು ಸಾಕಣೆ. ಎಕರೆ, ಎರಡೆಕರೆ ಇರುವ ಮನೆಗಳಿಗೆ ಇದಕ್ಕಿಂತ ಹೊಂದುವ ಉಪಕಸುಬು ಕಡಿಮೆ ಅಂತ ನನ್ನ ಅನಿಸಿಕೆ.

ಕಾಟ್ಲಾ ಮೀನಿನ ಬಾಯಿ ನೋಡಿ, ಮೇಲಕ್ಕೆ ತೆರೆದಿರುತ್ತದೆ. ನೀರಿನ ಮೇಲ್ಪದರದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಅದರ ಊಟ. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ತಿನ್ನುತ್ತವೆ. ಹುಲ್ಲುಗೆಂಡೆಗೆ ಬದುವಿನ ಹುಲ್ಲು ಹಾಕಿದರೆ ಸಾಕು, ಅದರ ಹಿಕ್ಕೆ ನೀರಿಗೆ ಗೊಬ್ಬರವಾಗಿ, ಆ ಗೊಬ್ಬರಕ್ಕೆ ಹುಟ್ಟುವ ಸಣ್ಣ ಜೀವಿಗಳು ಮತ್ತೆ ಕಾಟ್ಲಾದ ಹೊಟ್ಟೆಗೆ ಹೋಗುತ್ತವೆ. ಹೊಂಡಕ್ಕೆ ಬರೀ ಕಾಟ್ಲಾ ಬಿಟ್ಟರೆ ತಳದ ಮೇವೆಲ್ಲ ಸುಮ್ನೆ ಹಾಳು, ಅಲ್ವಾ?

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಹಿಂದೆ ಹೊಳೆಗೆ ನೆರೆ ಬಂದಾಗ ಮರಿ ಹಿಡಿಯಬೇಕಿತ್ತು, ಅದರಲ್ಲಿ ಬೇರೆ ಮೀನನ್ನು ತಿನ್ನುವ ಜಾತಿಗಳೂ ಸೇರಿಕೊಳ್ಳುತ್ತಿದ್ದವು. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸಿದರು. ಜುಲೈ 10 ಮೀನು ಕೃಷಿಕರ ದಿನವಾಗಿರುವುದು ಇದೇ ಕಾರಣಕ್ಕೆ. ಬೇಕಾದ ಜಾತಿಯ ಮರಿಯನ್ನು ಎಣಿಸಿ ಕೊಳ್ಳುವ ಅನುಕೂಲ ಸಣ್ಣ ರೈತನಿಗೆ ಸಿಕ್ಕಿದ್ದು ಅಲ್ಲಿಂದ.

ನಮ್ಮ ಬಯಲುಸೀಮೆಯಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡಗಳು ಜಾಸ್ತಿಯಾದವು. ನೀರು ಎಂಟು ತಿಂಗಳಾದರೂ ನಿಲ್ಲುವಂತಿದ್ದರೆ ಅಲ್ಲೂ ಮೀನು ಬಿಡಬಹುದು. ಹಾಸಿನ ಮೇಲೆ ಒಂದಿಷ್ಟು ಮಣ್ಣು ಹರಡಿ, ಇಲ್ಲದಿದ್ದರೆ ತಳದ ಮೀನಿಗೆ ಕೆದಕಲು ಏನೂ ಇರುವುದಿಲ್ಲ. ಚದರ ಮೀಟರಿಗೆ ಒಂದು ಮರಿಗಿಂತ ಜಾಸ್ತಿ ಬೇಡ. ಆಸೆಗೆ ಬಿದ್ದು ಎರಡು ಮೂರು ಪಟ್ಟು ಬಿಟ್ಟವರ ಹೊಂಡದಲ್ಲಿ ಮೀನು ಅಂಗೈ ಉದ್ದಕ್ಕೇ ನಿಂತುಬಿಡುತ್ತದೆ. ಮರಿ ಬೆರಳುದ್ದ ಇರಲಿ. ತಂದ ಚೀಲವನ್ನು ಹಾಗೇ ಹೊಂಡದಲ್ಲಿ ಕಾಲು ಗಂಟೆ ತೇಲಿಬಿಟ್ಟು, ಚೀಲದ ನೀರೂ ಹೊಂಡದ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ. ಮೇವಿಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಾಕು.

ಹೆಚ್ಚಿನ ಮನೆಗಳಲ್ಲಿ ದನ ಕರು ನೋಡುವ ಹೆಂಗಸರೇ ಮೀನಿಗೂ ಮೇವು ಹಾಕುತ್ತಾರೆ. ಹಾಗಾಗಿ ತರಬೇತಿಗೆ ಅವರನ್ನೇ ಕರೆಯಬೇಕು, ಮಾರಿದ ದುಡ್ಡೂ ಅವರ ಕೈಗೆ ಬರಬೇಕು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಅಂತ ಅರ್ಥ, ಅವತ್ತು ನೀರಿಗೆ ಗೊಬ್ಬರವಾಗಿ ಹಾಕುವ ಸಗಣಿ, ಮೇವು ಎರಡನ್ನೂ ನಿಲ್ಲಿಸಿ ಹೊಸ ನೀರು ಬಿಡಿ.