ದೋಟಿ ಹುಡುಕಿದರೆ ಎಲ್ಲೆಲ್ಲೂ ದೋಟಿಯದ್ದೇ ಜಾಹೀರಾತು

ಮಳೆಗಾಲ ಹತ್ತಿರ ಬಂದರೆ ಶಿರಸಿಯ ನನ್ನ ಮೊಬೈಲ್ ಅಂಗಡಿಗೆ ಅಡಿಕೆ ಬೆಳೆಗಾರರ ಒಂದು ದೂರು ತಪ್ಪದೇ ಬರುತ್ತದೆ. ಅಡಿಕೆ ಮರಕ್ಕೆ ಬೋರ್ಡೋ ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿಯ, ಅಂದರೆ ಉದ್ದ ಕೋಲಿನ, ರೇಟು ನೋಡಿದ್ದೆ, ಅಷ್ಟೇ. ಈಗ ಪೇಪರ್ ಓದಲು ಹೋದರೂ, ಚಾಲಿ ಅಡಿಕೆಯ ದರ ನೋಡಲು ಹೋದರೂ ದೋಟಿಯದ್ದೇ ಜಾಹೀರಾತು. "ತಮ್ಮಾ, ಫೋನು ನಮ್ಮ ಮಾತು ಕದ್ದು ಕೇಳ್ತದಾ?"

ಇದಕ್ಕೆ ಮಾತು ಕೇಳುವ ಅಗತ್ಯವೇ ಇಲ್ಲ. ದೋಟಿ ಮಾರುವ ಪುಟದಲ್ಲಿ ಜಾಹೀರಾತು ಕಂಪನಿಯ ಕೋಡೂ ಕೂತಿರುತ್ತದೆ. ಅದು ನಿಮ್ಮ ಬ್ರೌಸರಿನಲ್ಲಿ ಸಣ್ಣ ಗುರುತೊಂದನ್ನು ಇಟ್ಟು ಹೋಗುತ್ತದೆ. ಇದೇ ಥರ್ಡ್ ಪಾರ್ಟಿ ಕುಕಿ. ಪತ್ರಿಕೆಯ ಪುಟದಲ್ಲೂ ಅದೇ ಕಂಪನಿಯ ಕೋಡ್ ಇದ್ದರೆ ನೀವು ಸಿಕ್ಕಿಬಿದ್ದಿರಿ. ಮಾರಿಕಾಂಬಾ ಜಾತ್ರೆಯ ಪ್ರತಿ ಅಂಗಡಿಯ ಬಾಗಿಲಲ್ಲೂ ಒಬ್ಬನೇ ಸಾಹುಕಾರನ ಆಳು ನಿಂತ ಹಾಗೆ.

ಐಫೋನಿನ ಸಫಾರಿ ಬ್ರೌಸರ್ 2020ರಿಂದ ಇಂಥ ಕುಕಿಗಳನ್ನು ತಾನಾಗಿಯೇ ತಡೆಯುತ್ತಿದೆ. ಫೈರ್‌ಫಾಕ್ಸ್, ಬ್ರೇವ್ ಕೂಡ ನಾವು ಏನೂ ಒತ್ತದೆ ತಡೆ ಹಾಕುತ್ತವೆ. ಗೂಗಲ್‌ನ ಕ್ರೋಮ್ ಕಥೆ ಬೇರೆ. ಎರಡು ವರ್ಷದಲ್ಲಿ ಈ ಕುಕಿಗಳನ್ನು ತೆಗೆಯುತ್ತೇವೆ ಎಂದು ಗೂಗಲ್ 2020ರಲ್ಲಿ ಹೇಳಿತ್ತು. ಮುಂದೂಡುತ್ತಲೇ ಬಂದು 2024ರಲ್ಲಿ ಆ ಯೋಚನೆಯನ್ನೇ ಬಿಟ್ಟಿತು. ಜಾಹೀರಾತೇ ಅದರ ದೊಡ್ಡ ಆದಾಯ, ಅಲ್ವಾ? ಹಾಗಾಗಿ ನಾವೇ ಒತ್ತಬೇಕು: ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಥರ್ಡ್ ಪಾರ್ಟಿ ಕುಕೀಸ್, ಬ್ಲಾಕ್. ಆಮೇಲೆ ಯಾವುದೋ ಸೈಟು ಸರಿಯಾಗಿ ತೆರೆಯದಿದ್ದರೆ ಅದೊಂದಕ್ಕೆ ಮಾತ್ರ ಬಿಡುವು ಕೊಡಿ.

ಇನ್‌ಕಾಗ್ನಿಟೋದಲ್ಲಿ, ಅಂದರೆ ಕ್ರೋಮಿನ ಖಾಸಗಿ ಕಿಟಕಿಯಲ್ಲಿ, ನೋಡಿದರೆ ಯಾರಿಗೂ ಗೊತ್ತಾಗಲ್ಲ ಎಂದು ಕಾಲೇಜು ಹುಡುಗರು ನನಗೇ ಪಾಠ ಹೇಳುತ್ತಾರೆ. ಅದು ಥರ್ಡ್ ಪಾರ್ಟಿ ಕುಕಿ ತಡೆಯುವುದು ನಿಜ. ಆದರೆ ಮುಖ್ಯವಾಗಿ ಅಡಗುವುದು ಫೋನಿನೊಳಗಿನ ಹಿಸ್ಟರಿ. ನೀವು ಬಂದದ್ದು ಸೈಟಿಗೂ ಗೊತ್ತು, ಇಂಟರ್ನೆಟ್ ಕೊಡುವ ಕಂಪನಿಗೂ ಗೊತ್ತು. ಇದೇ ವಿಷಯಕ್ಕೆ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸು ಬಿದ್ದು, 2024ರಲ್ಲಿ ಅದು ಹಳೆಯ ದಾಖಲೆಗಳನ್ನು ಅಳಿಸಲು ಒಪ್ಪಿತು.

"ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂಬ ಸಂದೇಶ ಹತ್ತು ನಿಮಿಷಕ್ಕೊಮ್ಮೆ ಕುಣಿಯುತ್ತದೆ ಎಂದು ಫೋನು ತರುವವರು ಇನ್ನೂ ಜಾಸ್ತಿ. ನೋಡಿದರೆ ವೈರಸ್ಸೂ ಇಲ್ಲ, ಗಿರಸ್ಸೂ ಇಲ್ಲ. ಎಂದೋ ಯಾವುದೋ ಸೈಟು ನೋಟಿಫಿಕೇಶನ್ ಕಳಿಸಲೇ ಎಂದು ಕೇಳಿದಾಗ ಸುಮ್ನೆ 'ಅಲೋ' ಒತ್ತಿರುತ್ತಾರೆ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು ಗುರುತಿಲ್ಲದ ಹೆಸರುಗಳನ್ನು ಬ್ಲಾಕ್ ಮಾಡಿದರೆ ಮುಗಿಯಿತು. ಇದಕ್ಕೆ ಫೋನನ್ನೇ ರಿಸೆಟ್ ಮಾಡಿಸಿ ಫೋಟೋ ಕಳೆದುಕೊಳ್ಳುವುದು ಶುದ್ಧ ದಂಡ.

ಕುಕಿ ತಡೆದರೂ ಲಾಗಿನ್ ಆದ ಖಾತೆಯಲ್ಲಿ ನೀವು ಹುಡುಕಿದ್ದು ಆ ಕಂಪನಿಗೆ ಗೊತ್ತಾಗುತ್ತದೆ. ಇನ್ನು ಫೇಸ್‌ಬುಕ್ಕಿನಲ್ಲಿ ಒತ್ತಿದ ಲಿಂಕು ಹೆಚ್ಚಾಗಿ ಅದರೊಳಗಿನ ಬ್ರೌಸರಿನಲ್ಲೇ ತೆರೆಯುತ್ತದೆ. ಕ್ರೋಮಿನಲ್ಲಿ ಮಾಡಿದ ಸೆಟ್ಟಿಂಗ್ ಅಲ್ಲಿ ನಡೆಯುವುದಿಲ್ಲ. ಮೂರು ಚುಕ್ಕಿ ಒತ್ತಿ, ಪುಟವನ್ನು ಹೊರಗಿನ ಬ್ರೌಸರಿನಲ್ಲಿ ತೆರೆದುಕೊಳ್ಳಿ.